ಕಸದ ಇನ್ಸ್‌ಪೆಕ್ಟರ್ ಚಿಕ್ಕಮ್ಮ

ನನ್ನ ಚಿಕ್ಕಮ್ಮನನ್ನು ಕಂಡರೆ ವಠಾರದಲ್ಲಿ ಯಾರಿಗೂ ಆಗುತ್ತಿರಲಿಲ್ಲ. ನನಗೂ ಅಷ್ಟಕ್ಕಷ್ಟೇ. ಆದರೆ ಅವಳ ಜೊತೆ ಒಂದೇ ಅಡುಗೆಮನೆಯಲ್ಲಿ ಬಾಳುವ ಹಣೆಬರಹ ನನ್ನೊಬ್ಬಳದು, ಆದ್ದರಿಂದ ಬೈಯುವ ಹಕ್ಕೂ ನನ್ನೊಬ್ಬಳದೇ. ಬೇರೆಯವರು ಬೈದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳು ಅಮ್ಮನ ತಂಗಿ. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಂಡವಳಲ್ಲ. ಒಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಲೇ ಕೂದಲು ಬೆಳ್ಳಗಾಯಿತು. ರೋಗಿಗಳು ಮುಟ್ಟದೆ ವಾಪಸು ಕಳಿಸಿದ ತಟ್ಟೆಗಳನ್ನು ದಿನಾ ಡ್ರಮ್ಮಿಗೆ ಸುರಿದೂ ಸುರಿದೂ ಅವಳಿಗೆ ಏನಾಗಿತ್ತೋ ಕಾಣೆ, ಕೆಲಸ ಹೋಗಿ ನನ್ನ ಮನೆಗೆ ಬಂದ ವಾರದಲ್ಲೇ ಕಸದ ಬುಟ್ಟಿಯನ್ನು ತಿಕ್ಕಿ ತೊಳೆದು ಅದರೊಳಗೆ ಈರುಳ್ಳಿ ತುಂಬಿಟ್ಟಳು.

"ಇನ್ಮೇಲೆ ಈ ಮನೇಲಿ ಕಸ ಅನ್ನೋದು ಇಲ್ಲ" ಎಂದಳು.

ಅಲ್ಲಿಗೆ ಶುರುವಾಯಿತು ನನ್ನ ಗ್ರಹಚಾರ. ಹಾಲಿನ ಖಾಲಿ ಕವರುಗಳು ಸ್ನಾನ ಮಾಡಿಕೊಂಡು ನನ್ನ ಲಂಗದ ಪಕ್ಕ ಹಗ್ಗದ ಮೇಲೆ ನೇತಾಡತೊಡಗಿದವು. ಹಳೇ ನೈಟಿ ಕೈಚೀಲವಾಯಿತು, ಹರಿದ ಚೀಲ ನೆಲ ಒರೆಸುವ ಬಟ್ಟೆಯಾಯಿತು. ಬಸ್‌ಸ್ಟ್ಯಾಂಡಿನ ಟಿಕೆಟ್ ಕೌಂಟರಿನಲ್ಲಿ ಇಡೀ ದಿನ ಜನರ ಬಾಯಿಗೆ ಸಿಕ್ಕಿ ಸಾಕಾಗಿ ಮನೆಗೆ ಹೊರಟ ನಾನು, ಸ್ಟೀಲ್ ಡಬ್ಬಿ ಒಯ್ಯಲು ಮರೆತು ಮೀನನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಸಿಕೊಂಡು ಬಂದರೆ ಮುಗಿಯಿತು, ಬಾಗಿಲಲ್ಲೇ ಮಂಗಳಾರತಿ. ಕೋಸಿನ ದಂಟು, ಸೊಪ್ಪಿನ ಕಡ್ಡಿ, ಎಲ್ಲ ನನ್ನ ತಟ್ಟೆಗೇ ಬಂತು. ರುಚಿಯಾಗಿತ್ತು ಅನ್ನಿ, ಆದರೆ ಅವಳೆದುರು ಹಾಗೆಂದು ಬಾಯಿ ಬಿಟ್ಟವಳಲ್ಲ ನಾನು.

ನಮ್ಮದು ಹನ್ನೆರಡು ಮನೆಗಳ ವಠಾರ. ಕಸದ ಗಾಡಿ ಬೀದಿಯ ತುದಿಗೆ ಮನಸ್ಸು ಬಂದಾಗ ಬರುತ್ತಿತ್ತು. ಅಲ್ಲಿಯವರೆಗೆ ಗೇಟಿನ ಬಳಿ ಎಲ್ಲರ ಚೀಲಗಳೂ ಕೊಳೆತು, ಮೂಗು ಮುಚ್ಚದೆ ಓಡಾಡುವ ಹಾಗಿರಲಿಲ್ಲ. ಚಿಕ್ಕಮ್ಮ ಹಿತ್ತಲಲ್ಲಿ ಎರಡು ಗುಂಡಿ ತೋಡಿಸಿದಳು. ಮನೆಗೊಂದು ಮುಚ್ಚಳದ ಬಕೆಟ್ ಇಡಿಸಿದಳು. ಸಿಪ್ಪೆ, ಟೀ ಚರಟ, ಮೊಟ್ಟೆ ಚಿಪ್ಪು ಬಕೆಟ್ಟಿಗೆ, ಬೇಯಿಸಿದ್ದು ಮಾತ್ರ ಒಂದಗುಳೂ ಕೂಡದು. ಬೆಳಿಗ್ಗೆ ಅವಳೇ ಬಕೆಟ್ಟುಗಳನ್ನು ಗುಂಡಿಗೆ ಸುರಿದು, ಮೇಲೆ ಒಣಗಿದ ಎಲೆ ಹರಡುವಳು. ಒಂದು ಗುಂಡಿ ತುಂಬಿದರೆ ಅದನ್ನು ಮುಚ್ಚಿ ಮಾಗಲು ಬಿಟ್ಟು ಇನ್ನೊಂದನ್ನು ತೆರೆಯುವಳು. ಗೇಟಿನ ನಾತ ಹೋಯಿತು. ಗೊಬ್ಬರ ಬೇಕಾದವರಿಗೆ ಡಬ್ಬಿ ತುಂಬ ಸಿಕ್ಕಿತು.

ಆದರೆ ಅವಳ ಬಾಯಿ! ಹಿತ್ತಲಲ್ಲಿ ನಿಂತು ಇಡೀ ವಠಾರಕ್ಕೆ ಕೇಳುವ ಹಾಗೆ ಕೂಗುತ್ತಿದ್ದಳು.

"ರೀ ಟ್ಯೂಷನ್ ಟೀಚರ್! ಸಿಪ್ಪೆ ಜೊತೆ ಅರ್ಧ ಸೌತೆಕಾಯೀನೂ ಬಂದಿದೆಯಲ್ಲ, ಕಣ್ಣೆಲ್ಲಿ ಇಟ್ಕೊಂಡು ಹೆಚ್ತೀರಿ?"

ಟೀಚರು ಕಿಟಕಿ ಪಟ್ಟನೆ ಮುಚ್ಚುವರು. ಕಸದ ಇನ್ಸ್‌ಪೆಕ್ಟರ್ ಎಂಬ ಬಿರುದು ಬಂದದ್ದು ಅವರಿಂದಲೇ. ಯಾರ ಮನೆಗೆ ನೆಂಟರು ಬಂದರು, ಯಾರಿಗೆ ಹೊಟ್ಟೆ ಕೆಟ್ಟಿದೆ, ಎಲ್ಲವೂ ಬಕೆಟ್ ನೋಡಿದರೆ ಇವಳಿಗೆ ತಿಳಿಯುತ್ತಿತ್ತು. ಅದು ಜನಕ್ಕೂ ಗೊತ್ತಿತ್ತು.

ಕೊನೆ ಮನೆಯ ಡ್ರೈವರಿಗಂತೂ ಅವಳ ಮೇಲೆ ಹಲ್ಲು ಮಸೆಯುವಷ್ಟು ಸಿಟ್ಟು. ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಹೆಂಡತಿ ತೀರಿಕೊಂಡ ಮೇಲೆ ಮಾತು ಕಮ್ಮಿ, ಸಿಡಿಮಿಡಿ ಜಾಸ್ತಿ. ಸೆಕೆಂಡ್‌ಹ್ಯಾಂಡ್ ಕಾರೊಂದನ್ನು ಕೊಂಡು, ಗುಂಡಿಗಳಿರುವ ಕಡೆಯೇ ಅದಕ್ಕೆ ಜಾಗ ಬೇಕೆಂದು ಹಟ ಹಿಡಿದ. ಅದೇ ಹೊತ್ತಿಗೆ ಹಿತ್ತಲಿಗೆ ಇಲಿಗಳು ಬಂದವು. ಆತನಿಗೆ ಅಷ್ಟೇ ಸಾಕಾಯಿತು. ಮಾಲೀಕರಿಗೆ ಫೋನ್ ಹೋಯಿತು. ನೀವು ನೀವೇ ಕೂತು ಕೈಯೆತ್ತಿ ತೀರ್ಮಾನ ಮಾಡ್ಕೊಳ್ಳಿ ಎಂದು ಅವರು ಕೈ ತೊಳೆದುಕೊಂಡರು.

ಸಭೆಯ ಹಿಂದಿನ ದಿನ ಚಿಕ್ಕಮ್ಮನಿಗೆ ಸಾರಿ ಸಾರಿ ಹೇಳಿದೆ. "ನೋಡು, ಬೈಕೊಂಡೇ ಆದ್ರೂ ಸುಮಾರು ಜನ ನಿನ್ನ ಕಡೆ ಇದ್ದಾರೆ. ಗೇಟಿನ ವಾಸನೆ ಯಾರೂ ಮರೆತಿಲ್ಲ. ನಾಳೆ ಒಂದಿನ ಬಾಯಿಗೆ ಬೀಗ ಹಾಕ್ಕೋ."

"ನಾನೇನು ಚಿಕ್ಕ ಮಗುವಾ?" ಎಂದಳು. ರಾತ್ರಿ ಊಟ ಮಾಡಲಿಲ್ಲ. ಗುಂಡಿ ಹೋದರೆ ಅವಳಿಗೆ ಬೆಳಗಾಗೆದ್ದು ಮಾಡಲು ಏನೂ ಇರಲಿಲ್ಲ. ಇಡೀ ದಿನ ಗೋಡೆ ನೋಡುತ್ತಾ ಕೂರಬೇಕು. ಅದನ್ನು ನೆನೆದು ನನಗೂ ಭಯವಾಯಿತು.

ಮರುದಿನ ಎಲ್ಲರೂ ಹಿತ್ತಲಲ್ಲಿ ಸೇರಿದೆವು. ಡ್ರೈವರ್ ಮೊರದ ಮೇಲೆ ಸತ್ತ ಇಲಿಯೊಂದನ್ನು ಇಟ್ಟುಕೊಂಡೇ ಬಂದ.

"ನೋಡಿ, ಈಯಮ್ಮ ಸಾಕಿರೋ ಮರಿ! ಇವರ ಗುಂಡಿಯಿಂದ ನಾವೆಲ್ಲ ಕಾಯಿಲೆ ಬಿದ್ದು ಸಾಯ್ಬೇಕು."

ಚಿಕ್ಕಮ್ಮ ಸುಮ್ಮನಿದ್ದಳು. ನಾನು ಅವಳ ಸೆರಗನ್ನು ಹಿಂದಿನಿಂದ ಹಿಡಿದುಕೊಂಡಿದ್ದೆ. ಟೀಚರು "ಇಲಿಗೆ ಬೋನಿಟ್ಟರಾಯ್ತಪ್ಪ" ಎಂದರು. ಒಂದಿಬ್ಬರು ಹೌದು ಹೌದೆಂದರು. ಇನ್ನೇನು ಗೆದ್ದೆವು ಎನ್ನುವಷ್ಟರಲ್ಲಿ ಆ ಪುಣ್ಯಾತ್ಮ ಮತ್ತೆ ಬಾಯಿ ಹಾಕಿದ.

"ಬೋನು ಯಾಕೆ? ಗಲೀಜು ಮಾಡೋರನ್ನ ಮೊದಲು ಹೊರಗೆ ಹಾಕಿ. ಆಸ್ಪತ್ರೆಯವರೂ ಅದಕ್ಕೇ ಓಡ್ಸಿರ್ಬೇಕು."

ಸೆರಗು ನನ್ನ ಕೈಯಿಂದ ಜಾರಿತು.

"ಗಲೀಜು ನಂದಾ? ಇಲಿ ಬರ್ತಿರೋದು ಸಿಪ್ಪೆಗಲ್ಲ ಡ್ರೈವರ್ರೇ, ನಿಮ್ಮ ಅನ್ನಕ್ಕೆ! ದಿನಾ ಪೇಪರಲ್ಲಿ ಸುತ್ತಿ ಬಕೆಟ್ ತಳಕ್ಕೆ ತುರುಕ್ತೀರಲ್ಲ, ನಂಗೆ ಗೊತ್ತಾಗಲ್ಲ ಅನ್ಕೊಂಡ್ರಾ? ಸರಿಯಾಗಿ ಒಬ್ಬರ ಊಟ, ಕೈಯೂ ಹಾಕಿರಲ್ಲ. ಹೆಂಡ್ತಿ ಹೋಗಿ ವರ್ಷ ಆಗ್ತಾ ಬಂತು, ಇನ್ನೂ ಇಬ್ಬರಿಗೆ ಬೇಯಿಸ್ತಿದ್ದೀರಲ್ಲ, ಯಾರಿಗೆ ಅಂತ?"

ಡ್ರೈವರ್ ಮೊರವನ್ನು ಕೆಳಗಿಟ್ಟ.

"ಗುಂಡಿ ಬೇಕನ್ನೋರು ಕೈಯೆತ್ತಿ" ಎಂದರು ಟೀಚರು, ನೆಲ ನೋಡುತ್ತಾ. ಎರಡೇ ಕೈ ಮೇಲೆದ್ದವು, ಚಿಕ್ಕಮ್ಮನದು ಮತ್ತು ನನ್ನದು. ಟೀಚರೂ ಎತ್ತಲಿಲ್ಲ. ತಮ್ಮ ತಮ್ಮ ಬಕೆಟ್ಟಿನಲ್ಲಿ ಇವಳು ಏನೇನು ನೋಡಿರಬಹುದೆಂದು ಒಬ್ಬೊಬ್ಬರೂ ಲೆಕ್ಕ ಹಾಕುತ್ತಿದ್ದರು. ಹೇಡಿಗಳು!

ಅದೇ ವಾರ ಗುಂಡಿಗಳ ಮೇಲೆ ಸಿಮೆಂಟು ಬಿತ್ತು. ಕೆಲಸ ಮುಗಿಯುವ ತನಕ ಚಿಕ್ಕಮ್ಮ ಬಿಸಿಲಲ್ಲಿ ನಿಂತು ನೋಡಿದಳು. ಒಳಗೆ ಬಂದವಳ ಮೇಲೆ ನಾನು ಹರಿಹಾಯ್ದೆ.

"ಅದನ್ನ ಹೇಳ್ಬಾರದಿತ್ತು ನೀನು."

"ಸುಳ್ಳು ಹೇಳಿದ್ನಾ?"

"ನಿಜ ಆಗಿದ್ದಕ್ಕೇ ಹೇಳ್ಬಾರದಿತ್ತು!"

"ನಾನು ಹೇಳಿದ್ದು ಇಲಿ ವಿಷ್ಯ ಕಣೇ" ಎಂದಳು. ಆಮೇಲೆ ದಿನಾ ಬೆಳಿಗ್ಗೆ ಅಭ್ಯಾಸಬಲದಿಂದ ಬೇಗ ಎದ್ದು, ಹೋಗಲು ಎಲ್ಲೂ ಇಲ್ಲದೆ, ಮಂಚದ ಅಂಚಿನಲ್ಲಿ ಕೂರುತ್ತಿದ್ದಳು. ಗೇಟಿನ ಬಳಿ ಮತ್ತೆ ಚೀಲಗಳು ಬಿದ್ದವು, ಮತ್ತೆ ನಾತ ಹೊಡೆಯಿತು. ಬೀಳಲಿ, ಎಲ್ಲರೂ ಅನುಭವಿಸಲಿ ಎಂದುಕೊಂಡೆ.

ಕೆಲವು ದಿನ ಕಳೆದು ಒಂದು ಸಂಜೆ ಬಾಗಿಲು ತಟ್ಟಿದ ಸದ್ದು. ತೆರೆದರೆ ಡ್ರೈವರ್. ಕೈಯಲ್ಲೊಂದು ಸ್ಟೀಲ್ ಲೋಟ, ಅದರ ತುಂಬ ಅಕ್ಕಿ.

"ನಿಮ್ಮನ್ನ ಕಂಡ್ರೆ ನಂಗಾಗಲ್ಲ" ಎಂದ ಚಿಕ್ಕಮ್ಮನಿಗೆ.

"ನಂಗೂ ಅಷ್ಟೇ. ಏನು ಬೇಕು?"

"ಇದು ಅವಳ ಲೋಟ. ಅವಳು ಇದನ್ನ ತುಂಬ ಹಾಕ್ತಿದ್ಲು, ನಾನೂ ಹಾಗೇ ಹಾಕ್ತೀನಿ. ನಂಗೆ ಬೇರೆ ಅಳತೆ ಗೊತ್ತಿಲ್ಲ. ಒಬ್ಬನಿಗೆ ಎಷ್ಟು?"

ಚಿಕ್ಕಮ್ಮ ಲೋಟ ತೆಗೆದುಕೊಂಡು ಬೆಳಕಿಗೆ ಹಿಡಿದಳು. "ಒಳಗಡೆ ಒಂದು ಗೀರು ಹಾಕ್ಕೊಡ್ಲಾ?"

"ಬೇಡ. ಅದಕ್ಕೆ ಏನೂ ಮಾಡ್ಬೇಡಿ."

"ಸರಿ, ಕೈ ಹಿಡೀರಿ."

ಸ್ಟೀರಿಂಗ್ ಹಿಡಿದು ಜಡ್ಡುಗಟ್ಟಿದ ಎರಡು ಕೈಗಳನ್ನು ಆತ ಬೊಗಸೆಯಾಗಿ ಒಡ್ಡಿದ. ಚಿಕ್ಕಮ್ಮ ಅದರಲ್ಲೊಂದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಉಳಿದ ಒಂದೇ ಅಂಗೈಗೆ ಅಕ್ಕಿ ಸುರಿದಳು. ಅದು ತುಂಬುತ್ತಲೇ ನಿಲ್ಲಿಸಿದಳು.

ಡ್ರೈವರ್ ಅದನ್ನು ನೋಡುತ್ತಾ ನಿಂತ.

"ಇಷ್ಟೇನಾ?"

"ಇಷ್ಟೇ" ಎಂದಳು ಚಿಕ್ಕಮ್ಮ.