ಗಂಟಲೊಳಗಿನ ಗಾಳ

ಅಂಗಿಯ ಗುಂಡಿ ಕಿತ್ತುಬಂದಿತ್ತು. ಸೂಜಿ ದಾರಕ್ಕೆಂದು ಹಳೆಯ ಬಿಸ್ಕತ್ತು ಡಬ್ಬಿಯನ್ನು ಕೆದಕಿದರೆ ಕೈಗೆ ಸಿಕ್ಕಿದ್ದು ಅಕ್ಕನ ಪುಟ್ಟ ಕತ್ತರಿ. ಹೂ ಕಟ್ಟುವಾಗ ದಾರ ಕತ್ತರಿಸಲು ಇಟ್ಟುಕೊಂಡಿದ್ದಳು. ಈಗ ಮೈತುಂಬ ತುಕ್ಕು. ಬೆರಳಿಗೆ ಹತ್ತಿದ ಕೆಂಪು ಪುಡಿಯನ್ನು ಮೂಸಿದೆ. ಯಾಕೆ ಎಂದು ಕೇಳಬೇಡಿ, ವಯಸ್ಸಾದ ಮೇಲೆ ಸಿಕ್ಕಿದ್ದನ್ನೆಲ್ಲ ಮೂಸುವ ಚಟ ಬರುತ್ತದೆ. ಮೂಸಿದ್ದೇ ತಡ, ಬಂಗಾರಪೇಟೆ ಬಳಿಯ ನಮ್ಮೂರ ಕೆರೆಯ ವಾಸನೆ ಬಂದಂತಾಯಿತು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಆಗ ಹೊಸ ಮೇಷ್ಟ್ರು. ಅಕ್ಕನನ್ನು ಊರಿಗಾಂಗೆ ಕೊಟ್ಟಿತ್ತು. ಭಾವನದು ಅಲ್ಲಿನ ಚಿನ್ನದ ಗಣಿಯೊಳಗೆ ಬಂಡೆ ಕೊರೆಯುವ ಕೆಲಸ. ಶನಿವಾರ ಸಂಜೆ ಇಬ್ಬರೂ ರೈಲು ಹತ್ತಿ ನಮ್ಮ ಮನೆಗೆ ಬಂದರೆ ಸೋಮವಾರ ಬೆಳಗಿನ ರೈಲಿಗೆ ವಾಪಸು. ವಾರವೆಲ್ಲ ಭೂಮಿಯ ಹೊಟ್ಟೆಯಲ್ಲಿ ಕಳೆದ ಆ ಮನುಷ್ಯನಿಗೆ ಭಾನುವಾರ ಬಯಲು ಬೇಕು, ನೀರು ಬೇಕು, ಕೈಯಲ್ಲೊಂದು ಗಾಳದ ಕೋಲು ಬೇಕು.

ಆ ವರ್ಷ ಸುರಂಗದಲ್ಲಿ ಬಂಡೆ ಸಿಡಿದು ಭಾವನ ಕಾಲು ಕಲ್ಲಿನಡಿ ಸಿಕ್ಕಿಕೊಂಡಿತ್ತು. ಮೇಲೆ ತರಲು ಅರ್ಧ ದಿನ ಹಿಡಿಯಿತು. ಹೊರಗೆ ಕಾದು ನಿಂತ ಅಕ್ಕ ನಮ್ಮೂರ ಕೆರೆಯ ಗಂಗಮ್ಮನಿಗೆ ಹರಕೆ ಹೊತ್ತಳು: ಗಂಡ ಜೀವಸಹಿತ ಬಂದರೆ ಒಂದು ವರ್ಷ ನಿನ್ನ ಮೀನು ಅವನ ಕೈಯಲ್ಲಿ ಸಾಯುವುದಿಲ್ಲ. ಭಾವ ಬಂದ. ಎಡಗಾಲನ್ನು ಕೊಂಚ ಎಳೆದು ನಡೆಯುತ್ತಿದ್ದ, ಅಷ್ಟೆ. ಹರಕೆಯ ವಿಚಾರ ಕೇಳಿದ್ದೇ ವಕೀಲನಾಗಿಬಿಟ್ಟ.

“ಸಾಯಿಸಬಾರ್ದು ಅಂತ ತಾನೆ ಏಳ್ಕಂಡಿರೋದು? ಇಡ್ದು ಬಿಡಬಾರ್ದು ಅಂತೇನಿಲ್ವಲ್ಲ!”

ಹೀಗೆ ಹಿಡಿದು ಬಿಡುವ ವ್ರತ ಶುರುವಾಯಿತು. ಖಾಲಿ ಬುಟ್ಟಿ ಹಿಡಿದು ಬರುವ ಅಳಿಯನನ್ನು ಕಂಡು ನಮ್ಮಮ್ಮ, “ಮೀನಿನ ಮನೇಗೆ ನೆಂಟಸ್ತನಕ್ಕೆ ಓಗಿದ್ರಾ? ಊಟ ಆಯ್ತಾ?” ಎಂದು ಕಿಚಾಯಿಸುತ್ತಿದ್ದಳು. ಅಕ್ಕ ಮಾತ್ರ ನಗುತ್ತಿರಲಿಲ್ಲ. “ಒಂದೇ ಒಂದು ಸತ್ರೂ ನಾನು ನಿನ್ನ ಗಣಿಗೆ ಇಳಿಸಲ್ಲ. ಕೆಲ್ಸ ಓದ್ರೆ ಓಗ್ಲಿ, ಕಂಪ್ನಿ ಕೊಟ್ಟ ಲೈನ್ ಮನೆ ಓದ್ರೆ ಓಗ್ಲಿ,” ಎಂದಿದ್ದಳು. ಅಕ್ಕನ ಮಾತು ನಿಮಗೆ ಗೊತ್ತಿಲ್ಲ. ನಮಗೆ ಗೊತ್ತಿತ್ತು.

ಆ ಭಾನುವಾರ ಭಾವ ಕೋಲನ್ನು ನನ್ನ ಕೈಗೆ ಕೊಟ್ಟು, “ಬೆಂಡು ಮುಳುಗಿದ ತಕ್ಷಣ ಎತ್ತು,” ಎಂದು ಹೇಳಿ ಎರೆಹುಳು ತೋಡಲು ಹೋದ. ನನ್ನ ಇನ್ನೊಂದು ಕೈಯಲ್ಲಿ ಪುಸ್ತಕವಿತ್ತು. ಪುಟ ತಿರುಗಿಸಿ ನೋಡುತ್ತೇನೆ, ಬೆಂಡೇ ಇಲ್ಲ! ಅದು ಮುಳುಗಿ ಎಷ್ಟು ಹೊತ್ತಾಗಿತ್ತೋ. ಎಳೆದರೆ ಮೊಳದುದ್ದದ ಕೊರಮೀನು. ತುಟಿಯಲ್ಲಿರಬೇಕಾದ ಗಾಳ ಕಾಣಲಿಲ್ಲ. ದಾರ ನೇರ ಗಂಟಲೊಳಗೆ ಇಳಿದಿತ್ತು. ಮಕ್ಕಳಿಗೆ ಮೀನಿನ ಕಿವಿರಿನ ಚಿತ್ರ ಬರೆದು ಪಾಠ ಹೇಳುವ ಪಂಡಿತ ನಾನು, ಅದನ್ನು ಕಾದ ಕಲ್ಲಿನ ಮೇಲೆ ಮಲಗಿಸಿ, ಟವಲಿನಲ್ಲಿ ಅದುಮಿ ಹಿಡಿದು, ದಾರ ಜಗ್ಗತೊಡಗಿದೆ. ಬಾಯಲ್ಲಿ ಒಂದು ಹನಿ ರಕ್ತ ಕಾಣಿಸಿತು.

“ಎಳೀಬೇಡ ಕಣ್ಲಾ!”

ಭಾವ ಕುಂಟುತ್ತಲೇ ಓಡಿಬಂದ. ಮೊದಲು ಎರಡೂ ಕೈಗಳನ್ನು ನೀರಿನಲ್ಲಿ ಅದ್ದಿದ. ಮೀನನ್ನು ಮೆಲ್ಲಗೆ ಎತ್ತಿ, ಮೊಣಕಾಲುದ್ದದ ನೀರಿಗಿಳಿದು, ನೀರೊಳಗೇ ಹಿಡಿದುಕೊಂಡ. “ಒಣಗಿದ ಬಟ್ಟೆ ಆಕ್ತಾರೇನ್ಲಾ ಮೇಷ್ಟ್ರೇ? ಆ ಲೋಳೆ ಅದ್ಕೆ ಅಂಗಿ ಇದ್ದಂಗೆ. ಗಾಳದ ಡಬ್ಬೀಲಿ ನಿಮ್ಮಕ್ಕನ ಕತ್ತರಿ ಐತೆ, ತಾ.”

ಕತ್ತರಿಯನ್ನು ಬಾಯಿಯ ಹತ್ತಿರಕ್ಕೆ ತಂದು, ಒಳಗಿನ ಗಾಳವನ್ನು ಮುಟ್ಟದೆ, ದಾರವನ್ನಷ್ಟೇ ಕಚಕ್ಕೆಂದು ಕತ್ತರಿಸಿದ. ಬೆರಳುದ್ದದ ಬಿಳಿ ತುದಿ ಹೊರಗೆ ಉಳಿಯಿತು.

“ಗಾಳ ಒಳಗೇ ಐತಲ್ಲ ಭಾವ?”

“ಇರ್ಲಿ. ಬಂಡೆ ಕೆಳ್ಗೆ ಸಿಕ್ಕೊಂಡೋನ್ನ ಎಳೀಬಾರ್ದು. ನನ್ನನ್ನೂ ಎಳೀಲಿಲ್ಲ. ಸುತ್ತ ಕಲ್ಲು ಬಿಡಿಸ್ಕಂಡು ಕಾದ್ರು. ಅದ್ಕೇ ಕಾಲು ಉಳೀತು.” ಆಮೇಲೆ ಮೀನನ್ನೇ ನೋಡುತ್ತ ಹೇಳಿದ: “ಚಿನ್ನದ ಗಾಳ ಆಗಿದ್ರೆ ಸಾಯೋಗಂಟ ಅಲ್ಲೇ ಇರ್ತಿತ್ತು. ಇದು ಕಬ್ಣ. ತುಕ್ಕಿಡ್ದು ತಾನೇ ಓಯ್ತದೆ.”

ದಿನವೂ ಚಿನ್ನದ ಬೆನ್ನು ಹತ್ತಿ ಪಾತಾಳಕ್ಕಿಳಿಯುವವನ ಬಾಯಲ್ಲಿ ಈ ಮಾತು!

ಕಿವಿರು ಆಡತೊಡಗಿದಾಗ ಅದನ್ನು ಕೆರೆಗೆ ಬಿಡಬಹುದಿತ್ತು. ಬಿಟ್ಟಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಭಾವ ಪಕ್ಕದ ಕುಂಟೆಗೆ ಬಿಟ್ಟ. ಬೇಸಿಗೆಗೆ ಕೆರೆ ಹಿಂದೆ ಸರಿದಾಗ ತಗ್ಗಿನಲ್ಲಿ ಉಳಿದ ನೀರು ಅದು. “ಅವ್ಳಿಗೆ ಸುಳ್ಳು ಏಳಕ್ಕಾಗಲ್ಲ. ಈ ಕುಂಟೇಲಾದ್ರೆ ಸತ್ರೆ ತೇಲ್ತದೆ, ಬದುಕಿದ್ರೆ ಉಸ್ರಿಗೆ ಮೇಲಕ್ಕೆ ಬತ್ತದೆ.” ಕೊರಮೀನು ಆಗಾಗ ಮೇಲೆ ಬಂದು ಗಾಳಿ ಕುಡಿಯಲೇಬೇಕು. ನಾನು ಪಾಠದಲ್ಲಿ ಹೇಳಿಕೊಡುತ್ತಿದ್ದದ್ದೇ. ಆದರೆ ಅದಕ್ಕೊಂದು ಉಪಯೋಗವಿದೆ ಎಂದು ಹೊಳೆದದ್ದು ಅವತ್ತು.

ಮನೆಗೆ ಬಂದು ಭಾವ ಎಲ್ಲವನ್ನೂ ಹೇಳಿದ. ನನ್ನ ಪುಸ್ತಕದ ಸಂಗತಿ ಮಾತ್ರ ಹೇಳಲಿಲ್ಲ. ಅಕ್ಕ ಸಿಟ್ಟು ಬಂದಾಗ ಗಂಡನೊಂದಿಗೆ ನನ್ನ ಮೂಲಕ ಮಾತಾಡುವವಳು. “ನಿಮ್ ಭಾವುಂಗೆ ಏಳು. ನಾಳೆ ಆ ಮೀನು ನೋಡ್ದೆ ರೈಲತ್ತಂಗಿಲ್ಲ.”

ಸೋಮವಾರ ಬೆಳಕು ಹರಿಯುವಾಗ ಮೂವರೂ ಕುಂಟೆಯ ದಡದಲ್ಲಿ ಕೂತಿದ್ದೆವು. ಏನೂ ತೇಲುತ್ತಿರಲಿಲ್ಲ. ಏನೂ ಏಳುತ್ತಲೂ ಇರಲಿಲ್ಲ. ಭಾವ ಬೀಡಿ ಹಚ್ಚಿಕೊಂಡು ಸೇದಲು ಮರೆತ. ದೂರದಲ್ಲಿ ರೈಲಿನ ಕೂಗು ಕೇಳಿದರೂ ಅಕ್ಕ ಕದಲಲಿಲ್ಲ. ಮೀನಿನ ಗಂಟಲಲ್ಲಿ ನನ್ನ ಭಾವನ ಕೆಲಸ ಸಿಕ್ಕಿಕೊಂಡಿತ್ತು, ಸಿಕ್ಕಿಸಿದವನು ನಾನು. ಕೊನೆಗೆ ತಡೆಯಲಾರದೆ, “ಅಕ್ಕಾ, ಬೆಂಡು ಮುಳುಗಿದ್ದು ನಾನು ನೋಡ್ಲಿಲ್ಲ, ಓದ್ತಾ ಇದ್ದೆ,” ಎಂದುಬಿಟ್ಟೆ.

ಅವಳು ನನ್ನ ಕಡೆ ತಿರುಗುವಷ್ಟರಲ್ಲಿ ನೀರು ಗುಳಕ್ ಎಂದಿತು. ಕಪ್ಪು ತಲೆಯೊಂದು ಎದ್ದು ಗಾಳಿ ನುಂಗಿ ಮುಳುಗಿತು. ಬಾಯಿಯಂಚಿನಲ್ಲಿ ಬಿಳಿ ದಾರದ ತುದಿ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಈ ಸಲ ನನ್ನ ಮೂಲಕವಲ್ಲ, ನೇರವಾಗಿ ಹೇಳಿದಳು: “ಉಸ್ರು ತಕ್ಕಂತು. ನಡಿ, ಮುಂದಿನ ರೈಲಿಗಾದ್ರೂ ಓಗಾಣ. ಮಧ್ಯಾಹ್ನದ ಶಿಫ್ಟ್ ಸಿಕ್ತದೆ.”

ಮಳೆ ಬಂದು ಕುಂಟೆ ಕೆರೆಗೆ ಸೇರಿಕೊಂಡಿತು. ಆ ಗಾಳ ಕರಗಿತೋ ಇಲ್ಲವೋ, ನನಗೆ ಕುತೂಹಲ ತಡೆಯಲಾಗಲಿಲ್ಲ. ಶಾಲೆಯ ಕಪಾಟಿನಲ್ಲಿ ಗಾಜಿನ ಜಾಡಿಗೆ ಕೆರೆ ನೀರು ತುಂಬಿ ಅಂಥದೇ ಗಾಳವೊಂದನ್ನು ಹಾಕಿಟ್ಟೆ. ದಸರಾ ರಜೆ ಕಳೆದು ನೋಡಿದರೆ ನೀರು ಕೆಂಪಗಾಗಿತ್ತು. ಬೆರಳಲ್ಲಿ ಬಗ್ಗಿಸಿದೆ, ಕೊಂಡಿ ಮುರಿಯಿತು. ಜಾಡಿಯೇನೂ ಮೀನಿನ ಗಂಟಲಲ್ಲ, ಗೊತ್ತು. ಆದರೂ ಭಾವನಿಗೆ ಆ ಎರಡು ತುಂಡುಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟಾಗ, ಅವನು ಬಹಳ ಹೊತ್ತು ಅಂಗೈಯಲ್ಲೇ ಇಟ್ಟುಕೊಂಡಿದ್ದ.

ಈಗ ಅಕ್ಕ, ಭಾವ ಇಬ್ಬರೂ ಇಲ್ಲ. ಕತ್ತರಿಯ ತುಕ್ಕು ತೆಗೆಯೋಣವೆಂದು ಸೀಮೆಎಣ್ಣೆ, ಹಳೆಯ ಬಟ್ಟೆ ಎಲ್ಲ ತಂದಿಟ್ಟುಕೊಂಡಿದ್ದೆ. ಯಾಕೋ ಕೈ ಬರಲಿಲ್ಲ. ಕತ್ತರಿಯನ್ನು ಹಾಗೆಯೇ ಡಬ್ಬಿಯಲ್ಲಿಟ್ಟು, ಗುಂಡಿ ಹೊಲಿದು, ಮಿಕ್ಕ ದಾರವನ್ನು ಹಲ್ಲಿನಿಂದ ಕಡಿದೆ.