ಸ್ನೇರ್ ಸಾಲಿನಿಂದ ಹೊರಗೆ

ನಾಲ್ಕನೇ ಇಯತ್ತೆ ಮುಗಿಸಿ ಹುಬ್ಬಳ್ಳಿಯಿಂದ ಮೇರಿಲ್ಯಾಂಡಿನ ಕೊಲಂಬಿಯಾಕ್ಕೆ ಬಂದವಳು ನಾನು. ಅಪ್ಪ ಎಲುಬಿನ ಡಾಕ್ಟರು. ಹೈಸ್ಕೂಲಿನ ಬ್ಯಾಂಡಿನಲ್ಲಿ ಡ್ರಮ್ ಕಲಿತೆ. ಕಾಲೇಜು ಸೇರುವ ಹೊತ್ತಿಗೆ ನಮ್ಮ ಕಡೆಯ ಒಂದು ಡ್ರಮ್ ಕೋರ್‌ಗೆ ಆಯ್ಕೆಯಾದೆ. ಅದು ಇಪ್ಪತ್ತೊಂದು ದಾಟದ ಹುಡುಗ ಹುಡುಗಿಯರ ದೊಡ್ಡ ತಂಡ. ಬೇಸಿಗೆಯಿಡೀ ಬಸ್ಸಿನಲ್ಲಿ ಊರೂರು ತಿರುಗಬೇಕು, ಶಾಲೆಗಳ ಜಿಮ್ಮಿನ ನೆಲದ ಮೇಲೆ ಮಲಗಬೇಕು, ಫುಟ್‌ಬಾಲ್ ಮೈದಾನದಲ್ಲಿ ಸಾಲುಗಟ್ಟಿ ನಡೆಯುತ್ತ ಬಾರಿಸಬೇಕು, ಊದಬೇಕು. ಸ್ಪರ್ಧೆಯಲ್ಲಿ ತೀರ್ಪುಗಾರರು ಅಂಕ ಕೊಡುತ್ತಾರೆ. ನಾನಿದ್ದದ್ದು ಸ್ನೇರ್ ಡ್ರಮ್ಮಿನ, ಅಂದರೆ ಹೊಟ್ಟೆಯ ಮುಂದೆ ಕಟ್ಟಿಕೊಂಡು ಎರಡು ಕೋಲುಗಳಿಂದ ಬಾರಿಸುವ ಚಿಕ್ಕ ಡ್ರಮ್ಮಿನ ಸಾಲಿನಲ್ಲಿ. ಅಷ್ಟೂ ಜನ ಬಾರಿಸಿದರೂ ಒಬ್ಬರೇ ಬಾರಿಸಿದಂತೆ ಕೇಳಬೇಕು. ಇಡೀ ತಂಡಕ್ಕೆ ಆ ಸಾಲೆಂದರೆ ಗೌರವ.

ಆಗ ನಮ್ಮ ಕನ್ನಡದ ಮನೆಗಳ ಹೆಣ್ಣುಮಕ್ಕಳು ಭರತನಾಟ್ಯ ಕಲಿಯುತ್ತಿದ್ದರು. ಯಾರದೋ ಮನೆಯ ಊಟದಲ್ಲಿ ಬೆಂಗಳೂರಿನ ಅಂಕಲ್ ಒಬ್ಬರು, "ಏನ್ ಡಾಕ್ಟ್ರೇ, ಮಗಳನ್ನ ಡ್ರಮ್ ಹೊಡೆಯೋಕೆ ಬಿಟ್ಟಿದ್ದೀರಂತೆ?" ಎಂದು ನಕ್ಕರು. ಅಪ್ಪ ನಗಲಿಲ್ಲ. "ಆಕಿ ಬಾರಸೂದು ಒಮ್ಮೆ ಕೇಳ್ರಿ, ಆಮ್ಯಾಲೆ ಮಾತಾಡ್ರಿ" ಎಂದರು. ಶನಿವಾರದ ಅಭ್ಯಾಸಕ್ಕೆ ಅವರೇ ಕಾರಿನಲ್ಲಿ ಕರೆದೊಯ್ಯುತ್ತಿದ್ದರು. ಊರಿಂದ ಪೋಸ್ಟಿನಲ್ಲಿ ತಡವಾಗಿ ಬರುವ ವಾರಪತ್ರಿಕೆ ಓದುತ್ತ, ಕಿಟಕಿ ಇಳಿಸಿಕೊಂಡು, ಮುಗಿಯುವವರೆಗೆ ಅಲ್ಲೇ ಕೂತಿರುತ್ತಿದ್ದರು. ಮನೆಗೆ ಬರುವಾಗ "ನಡುವಿನ ತುಕಡಿ ಇವತ್ತ ಛಲೋ ಬಂತು ನೋಡು" ಎನ್ನುತ್ತಿದ್ದರು. ನನ್ನ ಪಕ್ಷದವರು ಯಾರು ಎಂದು ಯಾರಾದರೂ ಕೇಳಿದ್ದರೆ, ಅಪ್ಪ ಎಂದು ಥಟ್ಟನೆ ಹೇಳುತ್ತಿದ್ದೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ವಯಸ್ಸಿನ ಮಿತಿಯಿಂದಾಗಿ ಅದು ನನ್ನ ಕೊನೆಯ ಬೇಸಿಗೆ. ಹೊರಡುವ ಮುಂಚೆ ಅಪ್ಪನಿಗೆ ಹೇಳಿದ್ದೆ: ಇಂಜಿನಿಯರಿಂಗ್ ಬಿಡುತ್ತೇನೆ, ಕೋರ್‌ನಲ್ಲೇ ಉಳಿದು ಚಿಕ್ಕವರಿಗೆ ಕಲಿಸುತ್ತೇನೆ. ಅಪ್ಪ ಜಗಳ ಆಡಲಿಲ್ಲ. "ಮದಲ ಬ್ಯಾಸಗಿ ಮುಗೀಲಿ, ನೋಡೂಣು" ಎಂದಷ್ಟೇ ಅಂದರು.

ಅಟ್ಲಾಂಟಾದಲ್ಲಿ ದಕ್ಷಿಣದ ದೊಡ್ಡ ಸ್ಪರ್ಧೆ ಇತ್ತು. ಅದಕ್ಕೆ ಮುಂಚೆ ನಾರ್ತ್ ಕ್ಯಾರೊಲಿನಾದ ಒಂದು ಶಾಲೆಯಲ್ಲಿ ತಂಗಿದ್ದೆವು. ಡ್ರಮ್ ಕಲಿಸುವ ನಮ್ಮ ಗುರು ಸೈನ್ಯದ ಬ್ಯಾಂಡಿನಲ್ಲಿ ಇದ್ದು ಬಂದ ಬಿಳಿಯರು, ಮಿತಭಾಷಿ. ಬೆಳಿಗ್ಗೆಯ ಅಭ್ಯಾಸ ಮುಗಿದ ಮೇಲೆ ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು, "ನಿನ್ನ ಎಡಗೈ ಹಿಂದೆ ಬೀಳುತ್ತಿದೆ. ನಾಳೆಯಿಂದ ಮುಂದುಗಡೆ ಗಾಂಗ್ ಬಾರಿಸು" ಎಂದರು. ಮುಂದುಗಡೆ ಎಂದರೆ ಮೈದಾನದ ಅಂಚು. ನಡೆಯದೆ, ನಿಂತಲ್ಲೇ ನಿಂತು ಬಾರಿಸುವವರ ಜಾಗ. ಗಾಂಗ್ ಎಂದರೆ ತೂಗುಹಾಕಿದ ದೊಡ್ಡ ಕಂಚಿನ ತಟ್ಟೆ, ಆಗೊಮ್ಮೆ ಈಗೊಮ್ಮೆ ಬಡಿಯುವುದು. ಎಲ್ಲಿ ತಪ್ಪಿದೆ ಎಂದು ಕೇಳಿದೆ. ಅವರು ನನ್ನ ಮುಖ ನೋಡದೆ, "ನನಗೆ ಕೇಳಿಸುತ್ತದೆ" ಎಂದರು.

ಅಟ್ಲಾಂಟಾದಲ್ಲಿ ನಮ್ಮ ತಂಡಕ್ಕೆ ಎರಡನೇ ಸ್ಥಾನ ಬಂತು. ನನ್ನ ಜಾಗದಲ್ಲಿ ಬೇರೆಯವಳೊಬ್ಬಳು ಸ್ನೇರ್ ಕಟ್ಟಿಕೊಂಡು ನಡೆದಳು. ನಾನು ಬೇಕಾದಾಗ ಗಾಂಗ್ ಬಡಿದೆ. ಅಪ್ಪ ಅವ್ವ ಮೇರಿಲ್ಯಾಂಡಿನಿಂದ ಬಂದು ಮೇಲೆ ಗ್ಯಾಲರಿಯಲ್ಲಿ ಕೂತಿದ್ದರು. ಮುಗಿದ ಮೇಲೆ ಅಪ್ಪ ನನ್ನನ್ನು ತಬ್ಬಿಕೊಂಡರು. ನಾನು ಬಿಕ್ಕಿ ಬಿಕ್ಕಿ ಅತ್ತೆ.

ಮನೆಗೆ ಬಂದ ಮೇಲೆ ಎಡಗೈಯನ್ನು ಅಪ್ಪನ ಮುಂದೆ ಚಾಚಿ, "ಇದಕ್ಕೇನಾಗಿದೆ ಚೆಕ್ ಮಾಡ್ರಿ" ಎಂದೆ. ಅವರು ಮಣಿಕಟ್ಟು ಬಗ್ಗಿಸಿದರು, ಒಂದೊಂದೇ ಬೆರಳನ್ನು ಒತ್ತಿದರು, ತಮ್ಮ ಬೆರಳನ್ನು ಬಿಗಿಯಾಗಿ ಹಿಡಿಯಲು ಹೇಳಿದರು. ಆಮೇಲೆ, "ರೋಗ ಏನೂ ಇಲ್ಲ ಬಿಡವಾ. ಕೆಲವೊಬ್ಬರ ಕೈ ಹುಟ್ಟಾ ಸ್ವಲ್ಪ ನಿಧಾನ ಇರ್ತದ. ಮನಸ್ಸಿಗಿ ಹಚ್ಕೋಬ್ಯಾಡ" ಎಂದರು. ಡಾಕ್ಟರ ಮಾತು, ಅಪ್ಪನ ಮಾತು. ನಂಬಿದೆ. ಡ್ರಮ್ ಕೋಲುಗಳನ್ನು ಬೇಸ್‌ಮೆಂಟಿಗೆ ಹಾಕಿ ಕಾಲೇಜಿಗೆ ಮರಳಿದೆ. ಎಡಗೈಯಲ್ಲಿ ಕಾಫಿ ಲೋಟ ಎತ್ತಿದಾಗಲೂ ಅದೆಲ್ಲಿ ಮೋಸ ಮಾಡುತ್ತದೋ ಎಂದು ನೋಡುವ ಅಭ್ಯಾಸವಾಗಿಬಿಟ್ಟಿತು.

ಆ ದಶಕ ಮುಗಿಯುತ್ತ ಬಂದಾಗ ನಾನು ಅಟ್ಲಾಂಟಾದ ಹತ್ತಿರದ ಅಲ್ಫರೆಟಾದಲ್ಲಿ ಕೆಲಸಕ್ಕಿದ್ದೆ. ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ನಲ್ಲಿ ನಡೆಯುವ ಸ್ಪರ್ಧೆಗೆ ನಮ್ಮ ಕೋರ್‌ನ ಹಳಬರೆಲ್ಲ ಸೇರುತ್ತಾರೆ, ಸ್ಪರ್ಧೆಯ ನಡುವಿನ ವಿರಾಮದಲ್ಲಿ ಈಗಿನ ತಂಡದ ಜೊತೆ ಒಂದು ಹಾಡು ಬಾರಿಸುತ್ತಾರೆ ಎಂದು ಕರೆ ಬಂತು. ನೋಡಲು ಮಾತ್ರ ಬರುತ್ತೇನೆ ಎಂದು ಹೇಳಿ ಡ್ರೈವ್ ಮಾಡಿಕೊಂಡು ಹೋದೆ. ಸ್ಟೇಡಿಯಮ್ಮಿನ ಪಾರ್ಕಿಂಗ್ ಲಾಟಿನಲ್ಲಿ ಹಳಬರು ಹೊಟ್ಟೆ ಬೆಳೆಸಿಕೊಂಡು, ಮಕ್ಕಳನ್ನು ಕರೆದುಕೊಂಡು ನೆರೆದಿದ್ದರು. ತಲೆ ಪೂರ್ತಿ ನೆರೆತ ನಮ್ಮ ಗುರು ಒಂದು ಸ್ನೇರ್ ಎತ್ತಿ ನನ್ನ ಕಡೆ ಚಾಚಿದರು.

"ಬೇಡ ಸರ್. ನನ್ನ ಎಡಗೈ ನಿಮಗೆ ಗೊತ್ತಲ್ಲ" ಎಂದು ನಕ್ಕೆ.

ಅವರು ನಗಲಿಲ್ಲ. ಡ್ರಮ್ಮನ್ನು ನೆಲಕ್ಕಿಟ್ಟರು. "ನಿನ್ನ ತಂದೆ ನಿನಗೆ ಹೇಳಿಲ್ಲವೇ?" ಎಂದರು.

"ಏನನ್ನು?"

"ನಿನ್ನ ಎಡಗೈಗೆ ಏನೂ ಆಗಿರಲಿಲ್ಲ. ನಿನ್ನ ತಂದೆ ಫೋನ್ ಮಾಡಿದ್ದರು. ಅಟ್ಲಾಂಟಾದಲ್ಲಿ ಗೆದ್ದರೆ ಮಗಳು ಕಾಲೇಜು ಬಿಡುತ್ತಾಳೆ, ದಯವಿಟ್ಟು ಸಾಲಿನಿಂದ ತೆಗೆಯಿರಿ, ಕಾರಣ ಏನಾದರೂ ಹೇಳಿ ಎಂದು ಬೇಡಿಕೊಂಡರು. ನನಗೂ ಹೆಣ್ಣುಮಕ್ಕಳಿದ್ದಾರೆ. ಒಪ್ಪಿಕೊಂಡೆ. ಇಷ್ಟು ವರ್ಷದಲ್ಲಿ ಅವರೇ ಹೇಳಿರುತ್ತಾರೆ ಅಂದುಕೊಂಡಿದ್ದೆ."

ಅವರು ಕ್ಷಮೆ ಕೇಳಿದರು. ನಾನು ನೆಲದಲ್ಲಿದ್ದ ಡ್ರಮ್ಮನ್ನು ಎತ್ತಿ ಕಟ್ಟಿಕೊಂಡೆ. ಮೊದಮೊದಲು ಎರಡೂ ಕೈ ತುಕ್ಕು ಹಿಡಿದಂತಿದ್ದವು. ಬಿಸಿಲಲ್ಲಿ ಹಳಬರ ಜೊತೆ ನಿಂತು ಬಾರಿಸುತ್ತ ಹೋದಂತೆ ಸರಿಯಾದವು. ಎಡಗೈ ಬಲಗೈಯ ಸಮಕ್ಕೆ ಬಂತು. ಖುಷಿಯಾಗಬೇಕಿತ್ತು. ಬದಲಿಗೆ ಮೈಯೆಲ್ಲ ಉರಿದುಹೋಯಿತು. ವಿರಾಮದಲ್ಲಿ ಮೈದಾನಕ್ಕಿಳಿದು ಬಾರಿಸಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಾರ ಜೊತೆಗೂ ಫೋಟೋಗೆ ನಿಲ್ಲದೆ ಹೊರಟೆ.

ಮರುದಿನ ಅಲ್ಫರೆಟಾದ ಕಡೆ ತಿರುಗದೆ ಉತ್ತರಕ್ಕೆ ಹೊರಟು, ವರ್ಜೀನಿಯಾ ದಾಟಿ ಕೊಲಂಬಿಯಾ ಮುಟ್ಟಿದೆ. ಅಪ್ಪ ಹಿತ್ತಿಲಲ್ಲಿ ಪುಂಡಿಪಲ್ಯೆಯ ಗಿಡಗಳಿಗೆ ನೀರು ಬಿಡುತ್ತಿದ್ದರು. ನನ್ನನ್ನು ನೋಡಿ ಅವರ ಮುಖ ಅರಳಿತು.

"ಯಾಕವಾ, ಫೋನ್ ಸೈತ ಮಾಡದನ ಬಂದಿ?"

"ಅಪ್ಪಾ, ಆ ಸಮ್ಮರ್‌ದಾಗ ನೀವು ಡ್ರಮ್ ಸರ್‌ಗೆ ಕಾಲ್ ಮಾಡಿದ್ರೇನು?"

ಪೈಪಿನ ನೀರು ಒಂದೇ ಗಿಡದ ಬುಡದಲ್ಲಿ ಹರಿಯುತ್ತಿತ್ತು. ಅವರು ಸುಳ್ಳು ಹೇಳಲಿಲ್ಲ. "ಹೂಂ. ಮಾಡಿದ್ದೆ. ನೀ ಗೆದ್ರ ಹೊಳ್ಳಿ ಬರೂದಿಲ್ಲ ಅನಿಸ್ತು."

"ಬ್ಯಾಡ ಅಂತ ನನಗ ನೇರ ಹೇಳಬಹುದಿತ್ತಲ್ಲ?"

"ಹೇಳಿದ್ರ ನೀ ಕೇಳ್ತಿದ್ದೇನು?"

"ಇಲ್ಲ."

"ಅದಕ್ಕ."

"ಮನಿಗೆ ಬಂದ್ಮ್ಯಾಲೆ ನನ್ನ ಕೈ ಹಿಡದು ಎಗ್ಜಾಮಿನ್ ಮಾಡಿದ್ರಲ್ಲ ಅಪ್ಪಾ. ಹುಟ್ಟಾ ನಿಧಾನ ಅಂದ್ರಿ. ಅದನ್ನ ಹೆಂಗ್ ಹೇಳಿದ್ರಿ?"

ಅಪ್ಪ ಪೈಪನ್ನು ಮುಂದಿನ ಗಿಡಕ್ಕೆ ಸರಿಸಿದರು. "ಈಗ ಛಲೋ ನೌಕರಿ ಅದ, ಸುಖದಾಗ ಇದ್ದಿ" ಎಂದೇನೋ ಶುರುಮಾಡಿ ನಿಲ್ಲಿಸಿದರು.

ಅಡುಗೆಮನೆಯಲ್ಲಿ ಅವ್ವ ಚಪಾತಿ ಲಟ್ಟಿಸುತ್ತಿದ್ದಳು. ಕಿಟಕಿಯಿಂದ ಎಲ್ಲ ಕೇಳಿಸಿತ್ತು. "ನಿನಗೂ ಗೊತ್ತಿತ್ತಾ?" ಎಂದೆ. ಅವ್ವ ಕೈ ನಿಲ್ಲಿಸಲಿಲ್ಲ. "ಬ್ಯಾಡ ಅಂದಿದ್ದೆ ನಾ" ಎಂದಳು. ಬೇಡ ಎಂದವಳು ಇಷ್ಟು ವರ್ಷ ನನ್ನೆದುರು ಬಾಯಿ ಬಿಟ್ಟಿರಲಿಲ್ಲ. ಊಟ ಮಾಡದೆ ಹೊರಟೆ. ತಡೆಯಲು ಇಬ್ಬರೂ ಬರಲಿಲ್ಲ.

ಅಪ್ಪನ ಜೊತೆ ಬಹಳ ತಿಂಗಳು ಮಾತಿರಲಿಲ್ಲ. ಆಮೇಲೆ ಹಬ್ಬಕ್ಕೆಂದು ಹೋದೆ. ಹವೆಯ ಬಗ್ಗೆ, ಹೆದ್ದಾರಿಯ ಬಗ್ಗೆ ಮಾತಾಡಿದೆವು. ಮರುವರ್ಷ ಅವರಿಬ್ಬರೂ ನನ್ನ ಮನೆಗೆ ಬಂದಿದ್ದಾಗ ನನಗೆ ಮೊಣಕಾಲು ನೋವಿತ್ತು. ಅಪ್ಪ ಒತ್ತಿ ನೋಡಿ, "ಏನೂ ಇಲ್ಲ, ಎಂಟು ದಿನದಾಗ ಹೋಗ್ತದ" ಎಂದರು. ನಾನು ತಲೆಯಾಡಿಸಿದೆ. ಮರುದಿನ ಬೇರೆ ಡಾಕ್ಟರೊಬ್ಬರ ಹತ್ತಿರ ಹೋಗಿ ಎಕ್ಸ್‌ರೇ ತೆಗೆಸಿಕೊಂಡು ಬಂದೆ. ಅವರೂ ಏನೂ ಇಲ್ಲವೆಂದೇ ಹೇಳಿದರು. ಬಾಗಿಲಲ್ಲಿ ಅಪ್ಪ ನನ್ನ ಕೈಯಲ್ಲಿದ್ದ ಎಕ್ಸ್‌ರೇ ಲಕೋಟೆ ನೋಡಿದರು.

"ತೋರಿಸ್ಕೊಂಡ್ ಬಂದ್ಯಾ?"

"ಹೂಂ."

"ಛಲೋ ಮಾಡಿದಿ" ಎಂದು ಒಳಗೆ ಹೋದರು.