ಕಡಲಿಗೆ ಕಳಿಸಿದ ನಲವತ್ತು ಬಾಗಿಲು

ಮರಗೆಲಸದ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಉಳಿಯಕ್ಕ ಎಂದೇ ಕರೆಯುತ್ತಿದ್ದರು. ಹೆಂಗಸು ಉಳಿ ಹಿಡಿಯುವುದುಂಟೇ ಎಂದು ಕಿಸಕ್ಕನೆ ನಕ್ಕವರು ಮೊದಮೊದಲು ಗೇಲಿಗೆ ಇಟ್ಟ ಹೆಸರು ಅದು. ಇಪ್ಪತ್ತು ವರ್ಷಗಳಲ್ಲಿ ಗೇಲಿ ಸವೆದುಹೋಯಿತು, ಹೆಸರು ಗಟ್ಟಿಯಾಗಿ ನಿಂತಿತು.

ಹುಟ್ಟಿದ್ದು ಕಡಲ ದಂಡೆಯಲ್ಲಿ. ಅಪ್ಪ ದೋಣಿ ಕಟ್ಟುವವನು, ಉಳಿ ಹಿಡಿಯಲು ಕಲಿಸಿದವನೂ ಅವನೇ. ಅಲ್ಲಿ ನೆಲ ಕಡಲಿಗಿಂತ ಒಂದಾಳು ಎತ್ತರವೂ ಇರಲಿಲ್ಲ. ಗಾಳಿಯನ್ನು ಹಿಂಡಿದರೆ ನೀರು ಸುರಿಯುತ್ತದೇನೋ ಅನ್ನಿಸುತ್ತಿತ್ತು. ಮಳೆ ಹಿಡಿಯಿತೆಂದರೆ ಹರವಿದ ಬಟ್ಟೆ ಮೂರು ದಿನವಾದರೂ ತಣ್ಣಗೇ ಇರುತ್ತಿತ್ತು, ಡಬ್ಬಿಯಲ್ಲಿನ ಉಪ್ಪು ತಾನಾಗಿ ಕರಗುತ್ತಿತ್ತು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಲಾರಿ ಓಡಿಸುವವನೊಬ್ಬನನ್ನು ಮದುವೆಯಾಗಿ, ಎರಡು ದಿನ ಪ್ರಯಾಣ ಮಾಡಿ, ಬೆಟ್ಟಸಾಲು ದಾಟಿ ಒಣ ಬಯಲಿಗೆ ಬಂದಿಳಿದಳು. ಆ ಬೆಟ್ಟಗಳು ಮೋಡಗಳನ್ನೆಲ್ಲ ಕಡಲ ಕಡೆಯೇ ತಡೆದು ಹಿಂಡಿಕೊಂಡು, ಈ ಕಡೆಗೆ ಬರೀ ಗಾಳಿ ಬಿಡುತ್ತಿದ್ದವು. ಸಾವಿರಾರು ಅಡಿ ಎತ್ತರದ ಜಾಗ. ಮಧ್ಯಾಹ್ನ ನೆತ್ತಿ ಸುಡುವ ಬಿಸಿಲು, ಬೆಳಗಾಗುವಷ್ಟರಲ್ಲಿ ಹಲ್ಲು ಕಟಕಟ ಎನ್ನುವ ಚಳಿ. ತುಟಿ ಒಡೆದು, ಹಿಮ್ಮಡಿ ಬಿರಿದು, ಮೊದಲ ವರ್ಷ ಅವಳಿಗೆ ಸಾಕುಸಾಕಾಯಿತು.

ಆ ಚಳಿಗಾಲದ ಒಂದು ಮಧ್ಯಾಹ್ನ, ಅಪ್ಪ ಮಾಡಿಕೊಟ್ಟಿದ್ದ ಮರದ ಪೆಟ್ಟಿಗೆಯ ಮುಚ್ಚಳ ಪಟಾರ್ ಎಂದು ಉದ್ದಕ್ಕೂ ಸೀಳಿತು. ಲಾರಿಯ ಟೈರು ಸಿಡಿಯಿತೆಂದು ಗಂಡ ಬೀದಿಗೆ ಓಡಿದ. ಉಳಿಯಕ್ಕ ಅಳಲಿಲ್ಲ. ಸೀಳಿದ ಜಾಗಕ್ಕೆ ಬೆರಳಿಟ್ಟು ಬಹಳ ಹೊತ್ತು ಕೂತಳು. ಅಪ್ಪನ ಕೆಲಸದಲ್ಲಿ ತಪ್ಪಿರಲಿಲ್ಲ. ಅಲ್ಲಿ ನೀರು ಕುಡಿದು ಹಿಗ್ಗಿದ್ದ ಮರ ಇಲ್ಲಿ ಒಣಗಿ ಕುಗ್ಗಿತ್ತು, ಮುಚ್ಚಳಕ್ಕೆ ಅಡ್ಡಪಟ್ಟಿ ಇಟ್ಟು ಬಡಿದ ಮೊಳೆಗಳು ಅದಕ್ಕೆ ಮಿಸುಕಾಡಲು ಬಿಟ್ಟಿರಲಿಲ್ಲ.

ಮರುದಿನವೇ ಒಂದು ಗೇಣಗಲದ ಹಲಗೆಯಿಂದ ಎರಡು ತುಂಡು ಕೊಯ್ದಳು. ಒಂದನ್ನು ತನ್ನ ಅಡುಗೆಮನೆ ಗೋಡೆಗೆ ತೂಗುಹಾಕಿ, ಇನ್ನೊಂದನ್ನು ಕಡಲ ದಂಡೆಯಲ್ಲಿದ್ದ ತಂಗಿಗೆ ಕಳಿಸಿದಳು. ತಿಂಗಳಿಗೊಮ್ಮೆ ಇಬ್ಬರೂ ಅಳೆಯಬೇಕು, ತಂಗಿ ಪತ್ರ ಬರೆಯಬೇಕು.

“ಯೋಗಕ್ಷೇಮ ಕೇಳೋದು ಬಿಟ್ಟು ಹಲಗೆ ಅಗಲ ಕೇಳ್ತೀಯಲ್ಲೇ ಅಕ್ಕಾ” ಎಂದು ಬೈಯುತ್ತಲೇ ತಂಗಿ ಬರೆದಳು. ವರ್ಷಗಟ್ಟಲೆ ಬರೆದಳು. ಒಂದೇ ಮರದ ಎರಡು ತುಂಡು, ಮಳೆಗಾಲದಲ್ಲಿ ಕಡಲ ಕಡೆಯದು ಐದು ಮಿಲಿಮೀಟರ್ ಹೆಚ್ಚು ಅಗಲ. ಎಲ್ಲವೂ ಉಳಿಯಕ್ಕನ ನೋಟುಬುಕ್ಕು ಸೇರಿತು.

ಇಷ್ಟು ತಿಳಿದವಳನ್ನು ಕಾರ್ಖಾನೆ ಸೇರಿಸಿಕೊಂಡದ್ದು ಉಪ್ಪುಕಾಗದ ಉಜ್ಜುವ ಕೆಲಸಕ್ಕೆ. ಎರಡನೆಯ ವಾರವೇ ಅವಳು ಯಾರನ್ನೂ ಕೇಳದೆ ಕೀಸುಳಿ ಎತ್ತಿಕೊಂಡು ಮೇಜಿನ ಮುಂದೆ ನಿಂತಳು. ಯಜಮಾನರು ಗದರಿದರು. ಅವಳು ಕೀಸುತ್ತಲೇ ಇದ್ದಳು. ಕೀಸಿದ ಹಲಗೆಯ ಮೇಲೆ ಕೈಯಾಡಿಸಿದ ಯಜಮಾನರು ಮರುದಿನ ಉಪ್ಪುಕಾಗದವನ್ನು ಬೇರೊಬ್ಬನ ಕೈಗೆ ಕೊಟ್ಟರು.

ಹೀಗೆ ನಡೆದು ಅವಳಿಗೆ ಐವತ್ತು ತುಂಬಿದ ವರ್ಷ, ಕಡಲ ದಂಡೆಯಲ್ಲಿ ಏಳುತ್ತಿದ್ದ ಹೆರಿಗೆ ಆಸ್ಪತ್ರೆಯೊಂದಕ್ಕೆ ನಲವತ್ತು ಬಾಗಿಲು ಮಾಡುವ ಕೆಲಸ ಕಾರ್ಖಾನೆಗೆ ಬಂತು. ಕಟ್ಟಡದ ಇಂಜಿನಿಯರ್ ಇಸ್ತ್ರಿ ಮುರಿಯದ ಅಂಗಿ ತೊಟ್ಟು ನಕ್ಷೆ ಹಿಡಿದು ಬಂದ.

“ಕದಕ್ಕೂ ಚೌಕಟ್ಟಿಗೂ ನಡುವೆ ಒಟ್ಟು ಸಂದು ಎರಡು ಮಿಲಿಮೀಟರ್. ಕದದೊಳಗೆ ಕೂರಿಸೋ ಹಲಗೆಗೆ ಗಟ್ಟಿ ಅಂಟು.”

ಉಳಿಯಕ್ಕ ನಕ್ಷೆ ನೋಡಿ ತಲೆಯಾಡಿಸಿದಳು. “ಇದು ನಡೆಯಲ್ಲ ಸಾಹೇಬ್ರೇ. ಇಲ್ಲಿ ಒಣಗಿದ ಮರ ಅಲ್ಲಿ ಹೋಗಿ ಊದಿಕೊಳ್ಳತ್ತೆ. ಸಂದು ಆರು ಬೇಕು. ಒಳಗಿನ ಹಲಗೆಗೆ ಅಂಟೇ ಹಾಕಬಾರದು, ಸಡಿಲವಾಗಿ ಕೂತಿರಬೇಕು.”

“ಹಲಗೆ ಲೊಡಲೊಡ ಅಂದ್ರೆ ಜನ ನನ್ನ ಕೇಳ್ತಾರೆ.”

“ಬಾಗಿಲು ತೆರೀದಿದ್ರೂ ನಿಮ್ಮನ್ನೇ ಕೇಳ್ತಾರೆ.”

ನೋಟುಬುಕ್ಕು ತಂದು ಮುಂದಿಟ್ಟಳು. ಅವನು ಎರಡು ಹಾಳೆ ಮಗುಚಿ, ಮುಗುಳ್ನಕ್ಕು, ಮುಚ್ಚಿದ. “ನಕ್ಷೆ ನಕ್ಷೆನೇ ಅಮ್ಮಾ.”

ಯಜಮಾನರು ಅವಳನ್ನು ಪಕ್ಕಕ್ಕೆ ಕರೆದರು. “ಅವರು ಹೇಳಿದ ಹಾಗೆ ಮಾಡಿಬಿಡಕ್ಕಾ. ನಮಗ್ಯಾಕೆ ಇಲ್ಲದ ಉಸಾಬರಿ?”

“ಹೆರಿಗೆ ನೋವು ತಿನ್ನೋರು ಆ ಬಾಗಿಲಾಚೆ ಇರ್ತಾರೆ ಯಜಮಾನ್ರೇ. ಬೇಕಿದ್ರೆ ಬೇರೆಯವರ ಕೈಲಿ ಮಾಡಿಸಿ. ನನ್ನ ಕೈ ಇದಕ್ಕೆ ಏಳಲ್ಲ.”

ಹೇಳಿ, ಕೀಸುಳಿಯನ್ನು ಮೇಜಿನ ಮೇಲೆ ಮಲಗಿಸಿ, ಕೈಕಟ್ಟಿ ನಿಂತಳು. ಯಜಮಾನರಿಗೂ ಸಿಟ್ಟು ಬಂತು. ಬಾಗಿಲುಗಳನ್ನು ಬೇರೆಯವರ ಕೈಲಿ ನಕ್ಷೆಯ ಹಾಗೇ ಮಾಡಿಸಿ ಕಳಿಸಿದರು. ಮರುದಿನದಿಂದ ಅವಳಿಗೆ ಮೂಲೆಯ ಜಾಗ, ಕುರ್ಚಿ ಕಾಲುಗಳು, ಮತ್ತೆ ಅದೇ ಉಪ್ಪುಕಾಗದ. ನಾಲ್ಕು ತಿಂಗಳು. ಅವಳು ಕುರ್ಚಿ ಕಾಲುಗಳನ್ನು ಕನ್ನಡಿ ಹಾಗೆ ಉಜ್ಜಿದಳೇ ಹೊರತು ತಪ್ಪಾಯಿತು ಅನ್ನಲಿಲ್ಲ.

“ಒಂದು ಮಾತು ನುಂಗಿಕೊಂಡಿದ್ರೆ ಏನಾಗ್ತಿತ್ತೇ?” ಎಂದ ಗಂಡ.

“ನುಂಗಿದ್ರೆ ಅದು ನನ್ನ ಹೊಟ್ಟೇಲಿ ಊದಿಕೊಳ್ತಿತ್ತು ರೀ.”

ಮಳೆ ಹಿಡಿದು ಮೂರು ವಾರವಾಗಿತ್ತು. ಆಸ್ಪತ್ರೆಯಿಂದ ಫೋನು ಬಂತು. ನಲವತ್ತರಲ್ಲಿ ಮೂವತ್ತೊಂದು ಬಾಗಿಲು ಕಚ್ಚಿಕೊಂಡಿದ್ದವು. ಔಷಧದ ಕೋಣೆಯಲ್ಲಿ ಸಿಕ್ಕಿಬಿದ್ದ ನರ್ಸೊಬ್ಬಳು ಅರ್ಧ ಗಂಟೆ ಕೂಗಿ, ಕೊನೆಗೆ ಕಿಟಕಿಯಿಂದ ಇಳಿದಿದ್ದಳು. ಏಳು ಕದಗಳಲ್ಲಿ ಅಂಟಿಸಿದ ಹಲಗೆ ಹಿಗ್ಗಿ, ಕೀಲುಗಳೇ ಬಾಯಿ ಬಿಟ್ಟಿದ್ದವು.

ಯಜಮಾನರು ತಾವೇ ಮೂಲೆಗೆ ಬಂದು ನಿಂತರು. ಉಳಿಯಕ್ಕ ಉಜ್ಜುವುದನ್ನು ನಿಲ್ಲಿಸಲಿಲ್ಲ.

“ಹೋಗ್ತೀನಿ. ಆದ್ರೆ ಆ ಸಾಹೇಬ್ರು ಪಕ್ಕದಲ್ಲೇ ನಿಂತಿರಬೇಕು. ಮುಂದಿನ ಬಾಗಿಲುಗಳಿಗೆ ಹೊಸ ನಕ್ಷೆ ಬರೀಬೇಕು, ಅದರಲ್ಲಿ ನನ್ನ ಅಳತೆ ಇರಬೇಕು, ಅಳತೆ ಯಾರದು ಅಂತಾನೂ ಇರಬೇಕು. ಸದ್ದಿಲ್ಲದೆ ಕೀಸಿ ಬರೋಕೆ ನಾನು ಹೋಗಲ್ಲ.”

ಒಪ್ಪಿದರು. ಬೇರೆ ದಾರಿಯಿರಲಿಲ್ಲ.

ಆಸ್ಪತ್ರೆಯ ಓಣಿಯಲ್ಲಿ ಇಂಜಿನಿಯರ್ ಒದ್ದೆ ಅಂಗಿಯಲ್ಲಿ ಕಾಯುತ್ತಿದ್ದ. ಇಸ್ತ್ರಿ ಎಲ್ಲಿ ಹೋಗಿತ್ತೋ. ಮೊದಲ ಕದ ಕೆಳಗಿಳಿಸುತ್ತಲೇ ಅವಸರ ಮಾಡಿದ. “ಹತ್ತು ಮಿಲಿಮೀಟರ್ ಕೀಸಿಬಿಡಿ ಅಮ್ಮಾ. ಇನ್ನು ಜನ್ಮದಲ್ಲಿ ಹಿಡೀಬಾರದು.”

“ಆಗಲ್ಲ. ಈಗ ಇದು ಪೂರ್ತಿ ಹಿಗ್ಗಿ ನಿಂತಿದೆ. ಬೇಸಿಗೇಲಿ ಇಲ್ಲೂ ಒಂದಿಷ್ಟು ಕುಗ್ಗತ್ತೆ. ಹತ್ತು ತೆಗೆದ್ರೆ ಆಗ ಸಂದಿನಲ್ಲಿ ಬೆಕ್ಕಿನ ಮರಿ ತೂರತ್ತೆ. ಈಗ ಸಂದು ಎರಡೇ ಸಾಕು.”

“ಎರಡಾ? ನನ್ನ ನಕ್ಷೇಲೂ ಎರಡೇ ಇತ್ತಲ್ಲ!”

“ನಿಮ್ಮ ಅಂಕಿ ಸರಿ ಸಾಹೇಬ್ರೇ, ಊರು ತಪ್ಪು. ಇಲ್ಲಿ ನಿಂತು ಅಳೆದ್ರೆ ಎರಡು. ಅಲ್ಲಿ ಒಣ ಗಾಳೀಲಿ ಮಾಡಿ ಇಲ್ಲಿಗೆ ಕಳಿಸೋದಾದ್ರೆ ಆರು.”

ಅವನು ಜೇಬಿನಿಂದ ಪೆನ್ನು ತೆಗೆದು, ಅವಳು ಹೇಳಿದ್ದನ್ನು ಅಂಗೈ ಮೇಲೇ ಬರೆದುಕೊಂಡ. ಕಾಗದವೆಲ್ಲ ತೊಯ್ದುಹೋಗಿತ್ತು.

ಹನ್ನೊಂದು ದಿನ ಅವಳು ತಂಗಿಯ ಮನೆಯಲ್ಲಿದ್ದು ಕೆಲಸ ಮುಗಿಸಿದಳು. ಒಡೆದ ಏಳಕ್ಕೂ ಹೊಸ ಹಲಗೆ ಕೂರಿಸಿದಳು, ಅಂಟಿಲ್ಲದೆ. ಹೊರಡುವ ದಿನ ಅದೇ ನರ್ಸು ಔಷಧದ ಕೋಣೆಯ ಬಾಗಿಲನ್ನು ಕಿರುಬೆರಳಿನಿಂದ ತಳ್ಳಿ, ತೆಗೆದು, ಮತ್ತೆ ತಳ್ಳಿ ನೋಡಿದಳು.

ಎರಡು ವಾರದ ಮೇಲೆ ಇಂಜಿನಿಯರ್ ಹೊಸ ನಕ್ಷೆ ತಂದ. ಸಂದು ಆರು, ಅಂಟು ಬೇಡ, ಎಲ್ಲವೂ ಇತ್ತು. ಅವಳು ಮೇಲಿಂದ ಕೆಳಗೆ ಓದಿ, ತಿರುಗಿಸಿ ಹಿಂಬದಿಯನ್ನೂ ನೋಡಿದಳು.

“ಹೆಸರೆಲ್ಲಿ?”

“ಅದು... ನಕ್ಷೇಲಿ ಬಡಗಿಗಳ ಹೆಸರು ಹಾಕೋ ಪದ್ಧತಿ ಇಲ್ಲ ಅಮ್ಮಾ.”

“ಇವತ್ತಿಂದ ಇದೆ.”

ಕಿವಿಯ ಸಂದಿನಿಂದ ಪೆನ್ಸಿಲ್ ಎಳೆದು, ಅಂಕಿಯ ಪಕ್ಕದಲ್ಲೇ ತನ್ನ ಹೆಸರನ್ನು ದಪ್ಪ ಅಕ್ಷರದಲ್ಲಿ, ಅಪ್ಪನ ಹೆಸರೂ ಸೇರಿಸಿ, ಒತ್ತಿ ಬರೆದಳು. ಯಜಮಾನರು ಇಂಜಿನಿಯರನ ಮುಖ ನೋಡಿದರು. ಅವನು ನಕ್ಷೆಯನ್ನು ಒಂದು ಸಲ ಓದಿ, ಕೆಳಗೆ ತನ್ನ ಸಹಿ ಹಾಕಿದ.